ಮಾಂಸ ಬಿಟ್ಟ ಆಕ್ಟೋಪಸ್

ಹುಣಸೂರಿನಲ್ಲಿ ಹೊಗೆಸೊಪ್ಪಿನ ವ್ಯಾಪಾರ ಮಾಡಿಕೊಂಡು, ಮೂರು ಹೊತ್ತೂ ಅಹಿಂಸೆಯ ಉಪದೇಶ ಕೊಡುವ ಗಂಡನ ಜೊತೆ ಸಂಸಾರ ಮಾಡಿದವಳು ನಾನು. ಯಾವುದಕ್ಕೂ ಬೆರಗಾಗುವ ಅಭ್ಯಾಸ ತಪ್ಪಿಹೋಗಿತ್ತು. ಆದರೂ ಅವರು ನಡುಮನೆಗೆ ಆಕ್ಟೋಪಸ್ ತಂದಿಟ್ಟ ದಿನ ಬಾಯಿ ಬಿಟ್ಟುಕೊಂಡು ನಿಂತೆ. ಪಕ್ಕದ ಬೀದಿಯ ವ್ಯಾಪಾರಿ ಬಣ್ಣದ ಮೀನು ಸಾಕಿದ್ದ. ಇವರು ಅವನಿಗಿಂತ ಒಂದು ಕೈ ಮೇಲಾಗಬೇಕಿತ್ತು, ಅಷ್ಟೇ.

ತಂದದ್ದು ಅವರು, ಸಾಕಿದ್ದು ನಾನು. ಇದನ್ನೂ ಬಿಡಿಸಿ ಹೇಳಬೇಕೆ? ಸಮುದ್ರವಿಲ್ಲದ ಊರಿನಲ್ಲಿ ಸಮುದ್ರದ ನೀರು ಮಾಡಬೇಕು. ಅಡುಗೆ ಉಪ್ಪು ಆಗದು. ಅದಕ್ಕೆಂದೇ ಬರುವ ಉಪ್ಪನ್ನು ಶುದ್ಧ ನೀರಿಗೆ ಕದಡಿ, ಅಳತೆ ನೋಡಿ, ಆಗಾಗ ಹಳೆ ನೀರು ತೆಗೆದು ಹೊಸದು ತುಂಬಬೇಕು. ಬೇಸಿಗೆಯಲ್ಲಿ ಅದಕ್ಕೆ ನೀರು ತಣ್ಣಗಿಡುವ ಯಂತ್ರ, ನನಗೆ ಫ್ಯಾನು. ಗಾಜಿನ ತೊಟ್ಟಿಯ ಮುಚ್ಚಳ ಚೂರು ಸಡಿಲವಾದರೂ ನುಸುಳಿಕೊಂಡು ಆಚೆ ಬರುತ್ತಿತ್ತು, ಹಾಗಾಗಿ ಮೇಲೆ ರುಬ್ಬುವ ಗುಂಡು ಹೇರಿದ್ದೆ.

ಅದರ ಊಟ ಮಾತ್ರ ಮನೆಯಲ್ಲಿ ಗುಟ್ಟು. ನಮ್ಮದು ಲಿಂಗ ಕಟ್ಟಿಕೊಂಡ ಮನೆ, ಆಕ್ಟೋಪಸ್ಸಿಗೆ ಬೇಕಾದ್ದು ಜೀವಂತ ಏಡಿ. ಚುಂಚನಕಟ್ಟೆ ಕಡೆಯ ಗದ್ದೆಯಲ್ಲಿ ಹಿಡಿದು ತರುವವನು ಹಿತ್ತಿಲ ಬಾಗಿಲಲ್ಲೇ ಬಕೆಟ್ ಇಟ್ಟು ಹೋಗುತ್ತಿದ್ದ. ಸರಿಯಾಗಿ ಅದೇ ಹೊತ್ತಿಗೆ ನನ್ನವರಿಗೆ ಪೂಜೆ ನೆನಪಾಗುತ್ತಿತ್ತು. ನಾನು ಮೂಗು ಮುಚ್ಚಿಕೊಂಡು ಇಕ್ಕಳದಲ್ಲಿ ಏಡಿ ಬಿಡುತ್ತಿದ್ದೆ. ಬರಬರುತ್ತ ನನ್ನನ್ನು ಕಂಡರೆ ಸಾಕು, ಆಕ್ಟೋಪಸ್ ಗಾಜಿನ ಬಳಿ ಬಂದು ಕೈ ಚಾಚತೊಡಗಿತು. ನನ್ನ ಗುರುತು ಹಿಡಿಯುವ ಜೀವ ಈ ಮನೆಯಲ್ಲಿ ಒಂದಾದರೂ ಇದೆಯಲ್ಲ ಎಂದು ಖುಷಿಯಾಯಿತು.

ಹಾಗಿರುವಾಗ ಒಂದು ದಿನ ಅದು ಏಡಿ ಮುಟ್ಟಲಿಲ್ಲ. ಮರುದಿನವೂ ಇಲ್ಲ. ಗೂಡಿಗೆಂದು ನಾನು ಇಟ್ಟಿದ್ದ ಒಡೆದ ಮಡಕೆಯೊಳಗೆ ಮುದುಡಿ ಕೂತಿತ್ತು. ನನ್ನ ಜೀವ ಬಾಯಿಗೆ ಬಂತು. ನನ್ನವರಿಗೆ ಜ್ಞಾನೋದಯವಾಯಿತು. ನಮ್ಮ ಮನೆಯ ಸಂಸ್ಕಾರಕ್ಕೆ ಆಕ್ಟೋಪಸ್ ಕೂಡ ಮಾಂಸ ಬಿಟ್ಟಿದೆ ಎಂದು ವಾಟ್ಸಾಪಿನಲ್ಲಿ ಊರಿಗೆಲ್ಲ ಸಾರಿದರು. ಪಿರಿಯಾಪಟ್ಟಣದಿಂದ, ಎಚ್.ಡಿ. ಕೋಟೆಯಿಂದ ನೆಂಟರು ಬಂದರು. ಗಾಜಿಗೆ ವಿಭೂತಿ ಬಳಿದರು, ಮೊಬೈಲಿನ ಲೈಟು ಬಿಟ್ಟು ವಿಡಿಯೊ ಹಿಡಿದರು. ಯಾರೋ ಪುಣ್ಯಾತ್ಮರು ಬಾಳೆಹಣ್ಣು ತಂದಿದ್ದರು. ನನ್ನವರಿಗೆ ಶಾಲು ಹೊದಿಸಿದರು. ಏಡಿ ಹಾಕಿದವಳಿಗೆ ಅಷ್ಟೂ ಜನಕ್ಕೆ ಕಾಫಿ ಕಾಯಿಸುವ ಭಾಗ್ಯ.

ಎಲ್ಲರೂ ಹೋದ ಮೇಲೆ ಬಗ್ಗಿ ನೋಡಿದೆ. ಮಡಕೆಯ ಒಳಮೈಗೆ ಅಕ್ಕಿಕಾಳಿನಂಥ ಮೊಟ್ಟೆಗಳು, ಗೊಂಚಲು ಗೊಂಚಲು. ಅವಳು ಅವಕ್ಕೆ ಮೆಲ್ಲಗೆ ನೀರು ಊದುತ್ತ ಕೂತಿದ್ದಳು. ಓದಿ ತಿಳಿದುಕೊಂಡೆ: ಮೊಟ್ಟೆ ಇಟ್ಟ ಮೇಲೆ ಇವು ತಿನ್ನುವುದಿಲ್ಲ, ಕಾವಲು ಕೂತಲ್ಲೇ ಸಾಯುತ್ತವೆ. ಗಂಡಿನ ಸಂಗವಿಲ್ಲದೆ ಇಟ್ಟಿದ್ದರೆ ಮರಿಯೂ ಆಗುವುದಿಲ್ಲ. ಉಳಿಸಿಕೊಳ್ಳುವ ದಾರಿಯಿರಲಿಲ್ಲ. ಕತ್ತಲು, ನಿಶ್ಶಬ್ದ, ಇಷ್ಟಾದರೂ ಕೊಡಬೇಕೆನಿಸಿತು. ಸಂಕಟವಾಗಿ ಅತ್ತುಬಿಟ್ಟೆ.

ನನ್ನವರಿಗೆ ಹೇಳಿದೆ. ಮುಖ ಸಣ್ಣದಾಯಿತು.

"ಯಾರ್ಗೂ ಏಳ್ಬೇಡ ಕಣೆ. ನಾಳೆ ಕೆ.ಆರ್. ನಗರದಿಂದ ಜನ ಬತ್ತಾವ್ರೆ. ನನ್ ಮರ್ವಾದೆ ಏನಾಗ್ಬೇಕು?"

ನಾನು ತೊಟ್ಟಿಗೆ ಹೊದಿಸಿದ್ದ ಹಳೆ ಸೀರೆಯನ್ನು ಬೆಳಿಗ್ಗೆ ಅವರೇ ಎಳೆದುಹಾಕಿದರು. ಜನ ಬಂದರು, ಲೈಟು ಬಿತ್ತು. ಅವಳು ಬಿಳಿಚಿಕೊಂಡು ಮೊಟ್ಟೆಗಳ ಮೇಲೆ ಎಂಟೂ ಕೈ ಹರವಿದಳು. ಹೆಗಲ ಮೇಲೆ ಶಾಲು ಹಾಕಿಕೊಂಡು ಇವರು ಅವಳ ಉಪವಾಸ ವ್ರತದ ಮೇಲೆ ಭಾಷಣ ಶುರುಮಾಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಶಾಲನ್ನೇ ಕಿತ್ತು ತೊಟ್ಟಿಗೆ ಹೊದಿಸಿದೆ.

"ವ್ರತ ಅಲ್ಲ ಕಣ್ರಪ್ಪ, ಬಾಣಂತಿ. ಬಾಣಂತಿ ತಾವ ಗಂಡಸ್ರಿಗೇನು ಕೆಲ್ಸ? ಏಳಿ ಆಚಿಗೆ."

ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿಕೊಂಡು ಜಾರಿಕೊಂಡರು. ಅವರನ್ನು ಸಮಾಧಾನ ಮಾಡಲು ನನ್ನವರೂ ಹಿಂದೆಯೇ ಓಡಿದರು.

ಅವಳು ಆ ಕತ್ತಲಲ್ಲೇ ಇನ್ನಷ್ಟು ದಿನ ಮೊಟ್ಟೆ ಕಾದು ತೀರಿಕೊಂಡಳು. ನಮ್ಮವರಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಅದೇ ಶಾಲಿನಲ್ಲಿ ಸುತ್ತಿ ಹಿತ್ತಿಲಲ್ಲಿ ಮಣ್ಣು ಮಾಡಿದೆ. ಶಾಲು ಎಲ್ಲಿ ಎಂದು ಅವರು ಇವತ್ತಿನವರೆಗೂ ಕೇಳಿಲ್ಲ.