ಗಂಡಿನ ಕಡೆಗೆ ಮೊದಲ ಪಂಕ್ತಿ

ಅಕ್ಕನ ಹಾಡಿನ ಲಿಂಕ್ ಒತ್ತಿದರೆ ಬೀಗಿತ್ತಿಯ ಮುಖ ಬಂತು. ಇದು ಮಿಸ್ಟೇಕ್ ಇರಲಾರದು ಎಂದು ಅಂದೇ ತೀರ್ಮಾನಿಸಿಬಿಟ್ಟೆ.

ಅಕ್ಕ ತೀರಿಕೊಳ್ಳುವ ಮುಂಚೆ ಹಾಡಿದ್ದ ಬೀಸುವ ಪದವನ್ನು ನನ್ನ ಮಗಳು ಫೋನಿನಲ್ಲಿ ರೆಕಾರ್ಡ್ ಮಾಡಿದ್ದಳು. ಆ ಫೋನ್ ಕೆಟ್ಟಿತು. ಉಳಿದದ್ದು ನಮ್ಮ ವೆಬ್‌ಸೈಟಿನಲ್ಲಿದ್ದ ಪ್ರತಿ ಒಂದೇ. ಶಿಕಾರಿಪುರದ ನಾವು ಕೆಲವು ಹೆಂಗಸರು ಹಳೆಯ ಪದಗಳನ್ನು ಕೂಡಿಡಲು ಮಾಡಿಕೊಂಡ ಸೈಟು ಅದು. ಮಗಳನ್ನು ಸೊರಬಕ್ಕೆ ಕೊಟ್ಟ ಮೇಲೆ ಅವಳ ಅತ್ತೆಗೂ, ಅಂದರೆ ನನ್ನ ಬೀಗಿತ್ತಿಗೂ, ತಮ್ಮ ಕಡೆಯ ಹಾಡುಗಳನ್ನು ಅಲ್ಲಿಗೇ ಸೇರಿಸುವ ಆಸೆ ಹುಟ್ಟಿತು. ಅವರ ಪುಟಗಳು ಬೇರೆಯದೇ ಸಾಫ್ಟ್‌ವೇರಿನವು. ಹೀಗೆ ಒಂದೇ ಸೈಟಿನೊಳಗೆ ಎರಡು ಒಲೆ. ಎರಡನ್ನೂ ನೋಡಿಕೊಳ್ಳುವವಳು ಮಗಳು.

ಆ ಪದ ತಮ್ಮೂರಿನದೆಂದು ಬೀಗಿತ್ತಿ ಮೊಮ್ಮಗಳ ತೊಟ್ಟಿಲ ದಿನವೇ ವಾದ ಹೂಡಿದ್ದರು. ಈಗ ನಮ್ಮ ಯಾವ ಲಿಂಕ್ ಒತ್ತಿದರೂ ‘ಸೊರಬದ ಹಾಡುಗಳಿಗೆ ಸ್ವಾಗತ’ ಎಂದು ಅವರದೇ ನಗುಮುಖ. ಬೆನಿಫಿಟ್ ಆಫ್ ಡೌಟ್ ಕೊಡಬೇಕೆಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ನಾನು ಕೊಡಲಿಲ್ಲ. ಬಸ್ಸು ಹತ್ತಿ ಸೊರಬಕ್ಕೇ ಹೋದೆ.

ಬೀಗಿತ್ತಿ ಊಟಕ್ಕೆ ಕೂರಿಸಿದರು. ಬೇಡವೆಂದರೂ ಇನ್ನೊಂದು ಹೋಳಿಗೆ ಹಾಕಿದರು. ಅದೂ ನನಗೆ ಗಿಲ್ಟಿ ಕಾನ್ಷಿಯೆನ್ಸಿನ ಹೋಳಿಗೆಯಾಗಿಯೇ ಕಂಡಿತು.

“ಅಲ್ರೀ, ನಮ್ಮಕ್ಕನ ಪದ ಎಲ್ಲಿ ಹೋತು?”

“ಅದನ್ನ ನಾನೆಂಥಕ್ಕೆ ಮುಟ್ಲಿ ಮಾರಾಯ್ತಿ? ನಾ ಬಾಯಿ ತೆಗೆದ್ರೆ ನಮ್ಮನೆ ನಾಯಿ ಎದ್ದು ಹೋಗ್ತದೆ.”

“ಮತ್ತೆ ನಿಮ್ ಮುಖ ಯಾಕೆ ಬರ್ತದೆ?”

“ಫೋಟೋ ಚಂದ ಬಂದಿದೆ, ನೋಡಿ ಸ್ವಲ್ಪ.”

ಮಗಳು ಇಬ್ಬರ ಮುಖವನ್ನೂ ನೋಡಿ ಲ್ಯಾಪ್‌ಟಾಪ್ ತಂದಳು. ಲಿಂಕ್ ಒತ್ತಿದಾಗ ಬಂದ ವಿಳಾಸವನ್ನು ಯಾವ ಒಲೆಯ ಕಡೆ ಕಳಿಸಬೇಕೆಂದು ಹೇಳುವ ಸಾಲುಗಳಿರುತ್ತವಂತೆ. ಕಂಪ್ಯೂಟರು ಅವನ್ನು ಮೇಲಿನಿಂದ ಓದುತ್ತ ಬಂದು, ಹೊಂದಿದ ಮೊದಲ ಸಾಲಿಗೇ ನಿಂತುಬಿಡುತ್ತದಂತೆ. ಎಲ್ಲಕ್ಕಿಂತ ಮೇಲೆ ಸೊರಬದ ಸಾಲು ಇತ್ತು: ಯಾವ ವಿಳಾಸ ಬಂದರೂ ನನಗೆ ಕೊಡು. ಶಿಕಾರಿಪುರದ್ದು ಅದರ ಕೆಳಗೆ, ಸರದಿಯೇ ಬಾರದೆ ಕೂತಿತ್ತು.

“ಅವರದ್ದು ಯಾಕೆ ಮೇಲೆ ಹಾಕ್ದಿ?”

“ಗಂಡಿನ ಕಡೆಯೋರಲ್ವೇನಮ್ಮ? ಮೊದಲ ಪಂಕ್ತಿ ಅವರದ್ದು ಅಂತ ನೀನೇ ಮದ್ವೇಲಿ ಹೇಳ್ತಿದ್ದೆ. ಕೆಳಗೆ ಹಾಕಿದ್ರೆ ಅತ್ತೆ ಏನಂದ್ಕೊಳ್ತಾರೋ ಅಂತ...”

“ಮೊದಲ ಪಂಕ್ತೀಲೇ ಅಡುಗೆ ಎಲ್ಲ ಖಾಲಿ ಮಾಡಿಸಿದಿಯಲ್ಲೇ!”

ಬೀಗಿತ್ತಿ ನಕ್ಕರು. “ನಮ್ಮನ್ನ ಕೆಳಗೇ ಹಾಕೇ. ಹಸಿದವರು ಮೊದ್ಲು ಉಣ್ಣಲಿ.”

ಮಗಳು ಸಾಲುಗಳನ್ನು ಅದಲುಬದಲು ಮಾಡಿದಳು. ಶಿಕಾರಿಪುರದ ಹೆಸರು ಹೊತ್ತು ಬಂದ ವಿಳಾಸ ಮೊದಲು ನಮ್ಮ ಕಡೆಗೆ, ಮಿಕ್ಕದ್ದೆಲ್ಲ ಸೊರಬಕ್ಕೆ. ಲಿಂಕ್ ಒತ್ತಿದೆ. ಅಕ್ಕ ಕೆಮ್ಮಿದಳು, ಗಂಟಲು ಸರಿಮಾಡಿಕೊಂಡು ಹಾಡತೊಡಗಿದಳು. ಸದ್ಯ, ಅವಳು ಎಲ್ಲೂ ಹೋಗಿರಲಿಲ್ಲ. ಬೀಗಿತ್ತಿ ಕೈಯಲ್ಲಿದ್ದ ಸೌಟನ್ನು ಸದ್ದಾಗದಂತೆ ಕೆಳಗಿಟ್ಟರು. ಮುಗಿದ ಮೇಲೆ ಕಣ್ಣೊರೆಸಿಕೊಂಡು, “ಪದ ಮಾತ್ರ ನಮ್ಮೂರಿಂದೇ,” ಎಂದರು.

ಈಗಲೂ ಬೆಳಿಗ್ಗೆ ಕಾಫಿಗೆ ಮುಂಚೆ ಆ ಲಿಂಕ್ ಒತ್ತಿ ನೋಡುತ್ತೇನೆ, ಜಸ್ಟ್ ಇನ್ ಕೇಸ್. ಸೊರಬದಲ್ಲಿ ಬೀಗಿತ್ತಿಯೂ ತಮ್ಮದನ್ನು ಒತ್ತಿ ನೋಡುತ್ತಾರೆಂದು ಮಗಳು ಹೇಳಿದಳು.