ಹಾಲು ಕರೆಯುವ ಹೊತ್ತಿಗೆ ಮುಟ್ಟುವ ಕಾಲೇಜು

ಭಾಗ್ಯ ಮೊದಲ ಸಲ ನೋಡಿದ ಜೀವಂತ ಚಿತ್ರ ಒಂದು ಸೊಳ್ಳೆಯದು. ಆರೋಗ್ಯ ಇಲಾಖೆಯ ವ್ಯಾನು ಹೆಬ್ಬಗೋಡಿಗೆ ಬಂದು, ಶಾಲೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ ಮಲೇರಿಯಾದ ಸಿನಿಮಾ ತೋರಿಸಿತ್ತು. ಯಾರೋ ಕೈಯಲ್ಲಿ ಬರೆದ ಸೊಳ್ಳೆ ಹಾರಿತು, ಕಚ್ಚಿತು, ಹೊಟ್ಟೆ ಸವರಿಕೊಂಡು ನಕ್ಕಿತು. ಉಳಿದವರೆಲ್ಲ ಸೊಳ್ಳೆಗೆ ಹೆದರಿದರು. ಭಾಗ್ಯ ಮಾತ್ರ ಅದು ಹೇಗೆ ಹಾರಿತೆಂದು ಯೋಚಿಸುತ್ತ ಮನೆಗೆ ಬಂದಳು.

ಆಮೇಲೆ ಅವಳ ನೋಟ್‌ಬುಕ್ಕುಗಳ ಅಂಚಿನಲ್ಲಿ ಹಸುಗಳು ಹುಟ್ಟಿದವು. ಮುದ್ದೆಗೆ ಎಸರಿಟ್ಟು, ಅದು ಕುದಿಯುವವರೆಗೆ ಬರೆಯುತ್ತಿದ್ದಳು. ಹಾಳೆಗಳನ್ನು ಹೆಬ್ಬೆರಳಲ್ಲಿ ಸರಸರನೆ ಬಿಟ್ಟರೆ ಹಸು ಬಾಲ ಬೀಸಿ ನೊಣ ಓಡಿಸುತ್ತಿತ್ತು. ಇದನ್ನು ಕಂಡ ಡ್ರಾಯಿಂಗ್ ಮೇಷ್ಟ್ರು ಸುಬ್ರಹ್ಮಣ್ಯ, ಈ ವಿದ್ಯೆಗೆ ಅನಿಮೇಶನ್ ಎನ್ನುತ್ತಾರೆ, ಅಹಮದಾಬಾದಿನಲ್ಲಿ ಕಲಿಸುತ್ತಾರೆ ಎಂದರು. ಅರ್ಜಿ ಹಾಕಿಸಿದರು. ಅವಳು ಪಿಯುಸಿ ಮುಗಿಸಿದ ಆ ಎಂಬತ್ತನಾಲ್ಕರಲ್ಲಿ ಪರೀಕ್ಷೆ ಬರೆದಳು, ಸೀಟು ಸಿಕ್ಕಿತು.

"ಅನಿಮೇಸನ್ನು ಅಂದ್ರೆ ಏನ್ಲಾ ಬೈರ, ದನದ ಡಾಕ್ಟ್ರಿಕೆನಾ?" ಅಪ್ಪ ವೆಂಕಟೇಶಪ್ಪ ಮಗನನ್ನು ಕೇಳಿದ.

"ಅಲ್ಲ ಕಣಪ್ಪ, ಗೊಂಬೆ ಬರ್ದು ಕುಣ್ಸೋದು," ಎಂದ ಚಿಕ್ಕಬೈರಪ್ಪ.

"ಅದುಕ್ಕೆ ಗುಜರಾತ್‌ಗಂಟ ಓಗ್ಬೇಕಾ?"

ವೆಂಕಟೇಶಪ್ಪ ಮಗಳಿಗೆ ಕೈ ಎತ್ತಿದವನಲ್ಲ, ಬೇಡ ಎಂದೂ ಹೇಳಿದವನಲ್ಲ. ಬೇಡ ಎನ್ನುವ ಕೆಲಸವನ್ನು ಬೇರೆಯವರಿಗೆ ವಹಿಸುವುದು ಅವನ ರೀತಿ. "ನಾನ್ಯಾಕೆ ಅಡ್ಡ ಬರ್ಲಿ? ಸ್ವಾಮಿನೇ ಕೇಳಾನ," ಎಂದ.

ಊರ ಆಂಜನೇಯನ ಎರಡೂ ಭುಜಕ್ಕೆ ಒದ್ದೆ ಕಣಗಿಲೆ ಅಂಟಿಸಿ ಪ್ರಶ್ನೆ ಇಡುವುದು ಅಲ್ಲಿಯ ಪದ್ಧತಿ. ಬಲಗಡೆಯ ಹೂ ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಪೂಜಾರಿ ಪಾಪಯ್ಯ ಹೂ ಅಂಟಿಸಿ, ಹುಡುಗಿಯನ್ನು ದೂರದ ಕಾಲೇಜಿಗೆ ಕಳಿಸಬಹುದಾ ಎಂದು ಕೇಳಿದ. ಬಲದ ಹೂ ಟಪ್ಪನೆ ಬಿತ್ತು.

"ಕೊಟ್ಟ ಕಣಮ್ಮಿ!" ಅವ್ವ ಲಕ್ಷ್ಮಮ್ಮ ಮಗಳ ರಟ್ಟೆ ಹಿಡಿದುಕೊಂಡಳು.

"ಗಾಳಿ ಬೀಸ್ತು. ಇನ್ನೊಂದ್ಸಲ ಕೇಳು ಪಾಪಯ್ಯ," ಎಂದ ವೆಂಕಟೇಶಪ್ಪ.

"ಗಾಳಿ ಎಲ್ಲೈತಣ್ಣ? ದೀಪಾನೇ ಅಲ್ಲಾಡ್ನಿಲ್ಲ," ಎನ್ನುತ್ತಲೇ ಪಾಪಯ್ಯ ಮತ್ತೆ ಅಂಟಿಸಿದ. ಮತ್ತೆ ಬಲವೇ.

ವೆಂಕಟೇಶಪ್ಪ ಮುಖ ಗಂಟಿಕ್ಕಿದ. "ನೀನು ಸರ್ಯಾಗಿ ಕೇಳ್ತಿಲ್ಲ. ಇವ್ಳು ಒಂಟೋದ್ರೆ ಅಸ ಕರ್ಯೋರು ಯಾರು, ಸಗಣಿ ಬಾಚೋರು ಯಾರು, ಬಾಡ್ಗೆ ಮನೆಯೋರ ತೊಟ್ಟಿಗೆ ನೀರು ಸೇದೋರು ಯಾರು? ಅದುನ್ನೂ ಸೇರ್ಸಿ ಕೇಳು."

ಪಾಪಯ್ಯ ಅದನ್ನೂ ಸೇರಿಸಿ ಕೇಳಿದ. ಬಹಳ ಹೊತ್ತಿನ ಮೇಲೆ ಎಡದ ಹೂ ಜಾರಿತು. ಮೂರನೇ ಸಲಕ್ಕೆ ದೇವರಿಗೂ ಆ ಮನೆಯ ಕೆಲಸ ಅರ್ಥವಾಗಿತ್ತು.

"ಬೈರನ್ನ ಪಾಲಿಟೆಕ್ನಿಕ್‌ಗೆ ಸೇರಿಸ್ವಾಗ ಯಾವ ಊವ ಕೇಳಿದ್ರಿ?" ಲಕ್ಷ್ಮಮ್ಮನ ದನಿ ಗುಡಿಯಲ್ಲಿ ಎಂದೂ ಅಷ್ಟು ಎತ್ತರಕ್ಕೆ ಹೋಗಿರಲಿಲ್ಲ. "ಅವ್ಳು ಓಗ್ಲಿ. ಅಸ ನಾನು ಕರೀತೀನಿ."

"ಎಲ್ಲಿ, ಮುಷ್ಟಿ ಕಟ್ಟು ನೋಡಾನ," ಎಂದ ವೆಂಕಟೇಶಪ್ಪ.

ಲಕ್ಷ್ಮಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಮದುವೆಯಾಗಿ ಬಂದಂದಿನಿಂದ ಕೆಚ್ಚಲು ಹಿಂಡಿ ಆ ಬೆರಳುಗಳು ಊದಿ ಸೊಟ್ಟಗಾಗಿ, ಮಡಿಸಲು ಬರುತ್ತಿರಲಿಲ್ಲ. ಭಾಗ್ಯ ಅಪ್ಪನ ಮಾತಿಗಾಗಲಿ ಹೂವಿಗಾಗಲಿ ಸೋಲಲಿಲ್ಲ. ಆ ಬೆರಳುಗಳನ್ನು ನೋಡಿ, "ಬುಡವ್ವ, ನಾನು ಓಗಲ್ಲ," ಎಂದಳು.

ಮೇಷ್ಟ್ರು ಪೇಟೆಯ ಚಿತ್ರಕಲಾ ಶಾಲೆಯ ಹೆಸರು ಹೇಳಿದರು. ಅಲ್ಲಿ ಚಿತ್ರ ಓಡುವುದಿಲ್ಲ, ನಿಂತಿರುತ್ತದೆ, ಆದರೂ ಚಿತ್ರವೇ ತಾನೆ. ಅದು ಬಿಡುವುದು ಸಂಜೆ ಐದಕ್ಕೆ. ಹಸುಗಳು ಕೂಗುವುದು ನಾಲ್ಕಕ್ಕೆ. ಕೊನೆಗೆ, ಹೊಸೂರು ರಸ್ತೆಯ ಬಸ್ಸು ಹಿಡಿದರೆ ಅಷ್ಟರೊಳಗೆ ಮನೆ ಮುಟ್ಟಬಹುದಾದ ಒಂದು ಮಹಿಳಾ ಕಾಲೇಜು ಸಿಕ್ಕಿತು. ವಿಷಯ, ಗೃಹವಿಜ್ಞಾನ. ಎಂಟನೇ ವಯಸ್ಸಿನಿಂದ ಹಾಲು ಕಾಯಿಸುತ್ತಿದ್ದವಳಿಗೆ ಅಲ್ಲಿ ಹಾಲು ಕಾಯಿಸುವುದನ್ನು ಹೇಳಿಕೊಟ್ಟರು. ಗೃಹಿಣಿಯ ದಣಿವು ತಗ್ಗಿಸುವ ಬಗೆ ಹೇಗೆಂಬ ಪ್ರಶ್ನೆಗೆ, ಮನೆಯವರೆಲ್ಲರೂ ಕೆಲಸ ಹಂಚಿಕೊಳ್ಳಬೇಕೆಂದು ಬರೆದು ಪೂರ್ತಿ ಅಂಕ ತೆಗೆದುಕೊಂಡಳು.

ಅವಳು ಮೊದಲ ದರ್ಜೆಯಲ್ಲಿ ಪಾಸಾದ ಬೇಸಿಗೆಯಲ್ಲೇ ವೆಂಕಟೇಶಪ್ಪ ಹಸುಗಳನ್ನೆಲ್ಲ ಮಾರಿದ. ಬೊಮ್ಮಸಂದ್ರದ ಕಾರ್ಖಾನೆಗಳಿಗೆ ದಿನವೂ ಹೊಸ ಜನ ಬರುತ್ತಿದ್ದರು; ಹಾಲಿಗಿಂತ ಬಾಡಿಗೆ ವಾಸಿ. ಕೊಟ್ಟಿಗೆ ಕೆಡವಿ ಸಾಲು ಕೋಣೆಗಳನ್ನು ಎಬ್ಬಿಸಿದ.

"ಈಗಾದ್ರೂ ಓಗವ್ವ," ಎಂದಳು ಲಕ್ಷ್ಮಮ್ಮ. "ಈಗ ಅಸ ಇಲ್ವಲ್ಲ."

ಭಾಗ್ಯ ಬಾವಿಯಿಂದ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು. "ಗೋಡೆ ಒಣಗ್ತಾ ಐತೆ, ಸರ್ಕೊ," ಎಂದು ಹೊಸ ಸಿಮೆಂಟಿಗೆ ನೀರು ಹಾಕಲು ಹೋದಳು.