ಹನ್ನೊಂದು ತಲೆ, ಒಂದು ಕೋಣೆ, ಬಾರದ ಲೆನ್ಸು

ಬೆಳಗಿನ ಜಾವ ನಾಲ್ಕು ಮುಕ್ಕಾಲು. ಟೆಕಾಮಾಕ್ ಪಟ್ಟಣದ ಹೊರಗೆ ಬೆಂಕಿಪೊಟ್ಟಣ ಜೋಡಿಸಿಟ್ಟಂತಿರುವ ಮನೆಗಳ ಸಾಲಿನಲ್ಲಿ, ಒಂದು ಬಾಗಿಲ ಮುಂದೆ ಎಂಟು ಮಂದಿ ವಾದ್ಯದವರು ಉಸಿರು ಬಿಗಿಹಿಡಿದು ನಿಂತಿದ್ದಾರೆ. ಅವರಿಗಿಂತ ಒಂದು ಹೆಜ್ಜೆ ಮುಂದೆ, ಕೊರಳಿಗೆ ಕ್ಯಾಮೆರಾ ತೂಗುಹಾಕಿಕೊಂಡು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ಐವತ್ತಮೂರರ ಹೆಂಗಸು ಒಬ್ದೂಲಿಯಾ ತ್ರೆಹೋ. ಒಳಗೆ ಯಾರೆತ್ಸಿ ಎಂಬ ಹುಡುಗಿ ಮಲಗಿದ್ದಾಳೆ, ಅಥವಾ ಮಲಗಿದಂತೆ ನಟಿಸುತ್ತಿದ್ದಾಳೆ. ಇವತ್ತಿಗೆ ಅವಳಿಗೆ ಹದಿನೈದು ತುಂಬುತ್ತದೆ. ಹದಿನೈದು ತುಂಬಿದ ಹುಡುಗಿಯನ್ನು ಮುಂಜಾವಿನಲ್ಲಿ ಹಾಡಿ ಎಬ್ಬಿಸುವುದು ಇಲ್ಲಿನ ಪದ್ಧತಿ.

"ಏ ತುತ್ತೂರಿ, ಕೋಣೆ ಸೇರೋಕೆ ಮುಂಚೆ ಊದಿದ್ರೆ ಅದನ್ನ ನಿನ್ನ ಗಂಟಲಿಗೇ ತುರುಕ್ತೀನಿ," ಎಂದು ಒಬ್ದೂಲಿಯಾ ಪಿಸುಗುಡುತ್ತಾಳೆ.

"ಆಯ್ತು ದೊನ್ಯಾ," ಎಂದು ತುತ್ತೂರಿಯವನು ಅಮ್ಮಾವ್ರೆ ಎನ್ನುವ ಮರ್ಯಾದೆಯಲ್ಲಿ ಹೇಳುತ್ತಾನೆ. "ಬೈಬೇಡಿ. ಯಾಕೆ ಇವತ್ತು ಇಷ್ಟು ಸಿಡಿಮಿಡಿ?"

"ಚಳಿ ಕಣೋ."

ಚಳಿ ಇರುವುದು ನಿಜ. ಸಿಡಿಮಿಡಿ ಅದಕ್ಕಲ್ಲ. ಕ್ಯಾಮೆರಾದ ಮೂತಿಯಲ್ಲಿರುವುದು ಈ ಕೆಲಸಕ್ಕೆ ಬೇಕಾದ ಲೆನ್ಸ್ ಅಲ್ಲ, ಅದಕ್ಕೆ.

ಈ ಮನೆಗಳ ಮಲಗುವ ಕೋಣೆ ಒಬ್ದೂಲಿಯಾಳ ಹೆಜ್ಜೆಯಲ್ಲಿ ಐದು ಉದ್ದ, ನಾಲ್ಕು ಅಗಲ. ಅದರಲ್ಲೇ ಮಂಚ. ಹುಡುಗಿ, ಅಪ್ಪ, ಅಮ್ಮ, ಅಜ್ಜಿ, ಜೊತೆಗೆ ಏಳು ಮಂದಿ ಧರ್ಮತಾಯಿ-ಧರ್ಮತಂದೆಯರು ಅದರೊಳಗೆ ತುಂಬಿಕೊಳ್ಳುತ್ತಾರೆ. ಕೇಕು ಕೊಟ್ಟವಳು ಕೇಕಿನ ಧರ್ಮತಾಯಿ, ಕಿರೀಟ ಕೊಟ್ಟವಳು ಕಿರೀಟದ ಧರ್ಮತಾಯಿ. ಕೊಟ್ಟವರೆಲ್ಲ ಫೋಟೋದಲ್ಲಿ ಇರಲೇಬೇಕು. ಹಾಡು ಮುಗಿಯುವವರೆಗೆ ದೀಪ ಹಾಕುವಂತಿಲ್ಲ, ಕೇಕಿನ ಮೇಲಿನ ಮೇಣದಬತ್ತಿಯೇ ಬೆಳಕು. ಫ್ಲ್ಯಾಶ್ ಹೊಡೆದರೆ ಮಗಳ ಕಣ್ಣೀರು ಎಣ್ಣೆ ಮೆತ್ತಿದಂತೆ ಕಾಣುತ್ತದೆ. ಅಂಥ ಫೋಟೋ ತೆಗೆದವರನ್ನು ಯಾವ ತಾಯಿಯೂ ಇನ್ನೊಮ್ಮೆ ಕರೆಯುವುದಿಲ್ಲ.

ಹತ್ತೊಂಬತ್ತು ವರ್ಷಗಳಿಂದ ಒಬ್ದೂಲಿಯಾ ಮಾಡುತ್ತಿರುವುದು ಇದೇ ಕೆಲಸ. ಅದಕ್ಕೂ ಮೊದಲು ಹುಡುಗಿಯರ ಈ ಹದಿನೈದರ ಉಡುಪುಗಳನ್ನೇ ಹೊಲಿಯುತ್ತಿದ್ದಳು. ಹೊಲಿದ ಉಡುಪಿನ ಫೋಟೋ ತೆಗೆಯಲು ಕೈಗೆ ಬಂದ ಕ್ಯಾಮೆರಾ ಕೈಯಲ್ಲೇ ಉಳಿಯಿತು. ಮೂರು ಗಂಟೆಗೆ ಏಳುತ್ತಾಳೆ. ಇದುವರೆಗೆ ನಾನೂರಕ್ಕೂ ಹೆಚ್ಚು ಮುಂಜಾವುಗಳು ಕಳೆದಿವೆ. ಹಾಡು ಮೂರು ನಿಮಿಷ, ಅಷ್ಟರಲ್ಲಿ ನಲವತ್ತು ಸಲ ಗುಂಡಿ ಒತ್ತುತ್ತಾಳೆ. ಗೋಡೆಗೆ ತೂಗುವುದು ಅದರಲ್ಲಿ ಒಂದೇ. ಆ ಫೋಟೋಗಳು ಈ ಬಡಾವಣೆಯ ಮನೆಮನೆಯಲ್ಲೂ ಇವೆ. ಒಂದರಲ್ಲೂ ಅವಳಿಲ್ಲ. ಯಾವ ಕೋಣೆ ಹೊಕ್ಕರೂ ಕನ್ನಡಿ ಎಲ್ಲಿದೆ ಎಂದು ಮೊದಲು ನೋಡುತ್ತಾಳೆ, ಅದರಿಂದ ತಪ್ಪಿಸಿಕೊಳ್ಳಲು. "ಅತ್ತೆ-ನಾದಿನಿ ಮಧ್ಯೆ ನನ್ನ ಮುಸುಡಿ ಯಾಕೆ ಬೇಕು?" ಎನ್ನುತ್ತಾಳೆ.

ಇನ್ನು ಲೆನ್ಸಿನ ಕಥೆ. ಅವಳದು ಸಣ್ಣ ಸೆನ್ಸರಿನ, ಅಂದರೆ ಒಳಗೆ ಬೆಳಕು ಹಿಡಿಯುವ ಬಿಲ್ಲೆ ಚಿಕ್ಕದಿರುವ ಕ್ಯಾಮೆರಾ. ದುಡಿದು ತಿನ್ನುವವರ ಕೈಯಲ್ಲಿ ಹೆಚ್ಚಾಗಿ ಇರುವುದು ಅದೇ. ಆದರೆ ಒಳ್ಳೆಯ ಲೆನ್ಸುಗಳನ್ನೆಲ್ಲ ದೊಡ್ಡ ಸೆನ್ಸರಿನವರಿಗೆ ಬಡಿಸಿ, ಇವರ ಎಲೆಗೆ ಉಳಿದದ್ದನ್ನು ಹಾಕುವುದು ಕಂಪನಿಗಳ ಅಭ್ಯಾಸ. ಅವಳ ಬಳಿ ಎರಡು ಲೆನ್ಸ್ ಇದ್ದವು. ಒಂದಕ್ಕೆ ಇಡೀ ಕೋಣೆ ಕಾಣುತ್ತಿತ್ತು, ಆದರೆ ಮೇಣದಬತ್ತಿಯ ಬೆಳಕಿನಲ್ಲಿ ಮುಖಗಳೆಲ್ಲ ಮರಳು ಎರಚಿದಂತೆ ಬರುತ್ತಿದ್ದವು. ಇನ್ನೊಂದು ಕತ್ತಲಲ್ಲೂ ಚೆನ್ನಾಗಿ ಹಿಡಿಯುತ್ತದೆ, ಆದರೆ ಮೂರು ತಲೆಗೆ ಚೌಕಟ್ಟು ಭರ್ತಿ. ಮಾರ್ಚ್‌ನಲ್ಲಿ ಸುದ್ದಿ ಬಂತು: ಎರಡೂ ಗುಣ ಇರುವ ಹೊಸ ವೈಡ್ ಜೂಮ್, ಇವಳ ಕ್ಯಾಮೆರಾಕ್ಕೇ ಕೂರುವಂಥದ್ದು, ಏಪ್ರಿಲ್‌ಗೆ ಅಂಗಡಿಯಲ್ಲಿ.

ಒಬ್ದೂಲಿಯಾ ಮರುದಿನವೇ ಹಳೆಯ ಅಗಲದ ಲೆನ್ಸನ್ನು ಮಾರಿಬಿಟ್ಟಳು. ಹೊಸದು ಬಂದ ಮೇಲೆ ಹಳೆಯದನ್ನು ಯಾರೂ ಮೂಸುವುದಿಲ್ಲ ಎಂಬ ಅವಸರ. ಏಪ್ರಿಲ್ ಹೋಯಿತು, ಮೇ ಹೋಯಿತು, ಈಗ ಜೂನ್. ರಾಜಧಾನಿಯ ಅಂಗಡಿಯವನಿಗೆ ದಿನಾ ಫೋನ್. "ಮುಂದಿನ ವಾರ ದೊನ್ಯಾ, ಮುಂದಿನ ವಾರ." ಲೆನ್ಸನ್ನು ಕೈಯಲ್ಲಿ ಮುಟ್ಟಿಯೂ ನೋಡದ ಗಂಡಸರು ಯೂಟ್ಯೂಬಿನಲ್ಲಿ ಗಂಟೆಗಟ್ಟಲೆ ಅದರ ಗುಣಗಾನ ಮಾಡುವುದನ್ನು ಅವಳು ರಾತ್ರಿ ಊಟಕ್ಕೆ ಕುಳಿತು ನೋಡುತ್ತಾಳೆ.

ಏಪ್ರಿಲ್‌ನಲ್ಲಿ ಆಗಬಾರದ್ದು ಆಗಿಹೋಯಿತು. ಪಕ್ಕದ ಬೀದಿಯ ಮನೆಯೊಂದರಲ್ಲಿ, ಇದೇ ಕಿರಿದಾದ ಲೆನ್ಸಿನಲ್ಲಿ, ಚಪ್ಪಲಿಯ ಧರ್ಮತಾಯಿ ಮೆಲಿತೋನಾ ಅರ್ಧಕ್ಕೆ ತುಂಡಾದಳು. ಒಂದು ಕಿವಿ, ಒಂದು ಭುಜ, ಅಷ್ಟೆ. "ಚಪ್ಪಲಿ ಎರಡೂ ಕೊಟ್ಟಿದ್ದೆ, ಒಂದೇ ಅಲ್ಲ," ಎಂದು ಅವಳು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು. ಆಮೇಲೆ ಎರಡು ಮನೆಯವರು ಉರಿಯೆಲ್ ಎಂಬ ಹೊಸ ಫೋಟೋಗ್ರಾಫರನನ್ನು ಕರೆಸಿದರು. ಇವತ್ತಿನ ಹುಡುಗಿಯ ತಾಯಿ ನೊಹೆಮಿ, ಮೆಲಿತೋನಾಳ ಸ್ವಂತ ತಂಗಿ. ಇಲ್ಲೂ ಯಾರಾದರೂ ತುಂಡಾದರೆ ಒಬ್ದೂಲಿಯಾಳನ್ನು ಈ ಬಡಾವಣೆಯಲ್ಲಿ ಇನ್ನು ಯಾರೂ ಕರೆಯುವುದಿಲ್ಲ. ಉರಿಯೆಲ್ ಹತ್ತಿರ ಅಗಲದ ಲೆನ್ಸ್ ಇದೆಯಲ್ಲ, ಒಂದು ದಿನಕ್ಕೆ ಕೇಳಬಾರದೇ?

"ಅವನ ಹತ್ರಾನಾ? ನನ್ನ ಹಲ್ಲು ನಾನೇ ಕಿತ್ಕೋತೀನಿ, ಅವನನ್ನ ಕೇಳಲ್ಲ," ಎನ್ನುತ್ತಾಳೆ ಒಬ್ದೂಲಿಯಾ.

ಬಾಗಿಲು ತೆರೆಯುತ್ತದೆ. ಕತ್ತಲಲ್ಲಿ ಮನೆಯವರು, ಧರ್ಮತಾಯಿ-ಧರ್ಮತಂದೆಯರು ಒಬ್ಬರನ್ನೊಬ್ಬರು ತಳ್ಳಿಕೊಂಡು ಕೋಣೆಗೆ ನುಗ್ಗುತ್ತಾರೆ; ಜಾಗ ಸಾಲದೆ ವಾದ್ಯದವರು ಕೋಣೆಯ ಬಾಗಿಲಾಚೆಯೇ ನಿಲ್ಲುತ್ತಾರೆ. ಪಿಟೀಲು, ಗಿಟಾರು, ತುತ್ತೂರಿ ಒಟ್ಟಿಗೆ ಎದ್ದೇಳುತ್ತವೆ. ಯಾರೆತ್ಸಿ ಎದ್ದು ಕೂತು ಬಾಯಿ ಮುಚ್ಚಿಕೊಳ್ಳುತ್ತಾಳೆ. ಒಬ್ದೂಲಿಯಾ ಗೋಡೆಗೆ ಬೆನ್ನು ಒತ್ತಿ ಕಣ್ಣಿಗೆ ಕ್ಯಾಮೆರಾ ಇಡುತ್ತಾಳೆ. ಹುಡುಗಿ ಇದ್ದಾಳೆ, ತಾಯಿ ಇದ್ದಾಳೆ, ಅಜ್ಜಿಯ ಅರ್ಧ ಮುಖ. ಮುಗಿಯಿತು. ಹಿಂದೆ ಸರಿಯೋಣವೆಂದರೆ ಗೋಡೆ. ಒಂದು ಚರಣ ಮುಗಿಯುತ್ತದೆ. ಬೆವರು ಕಣ್ಣಿಗಿಳಿಯುತ್ತದೆ. ಇಲ್ಲಿಯ ಏಳು ಮಂದಿಯಲ್ಲೂ ಒಬ್ಬಳಾದ ಮೆಲಿತೋನಾ ಬಾಗಿಲ ಬಳಿ ನಿಂತು ಹಾಡುತ್ತಿದ್ದಾಳೆ, ದೃಷ್ಟಿ ಮಾತ್ರ ಕ್ಯಾಮೆರಾದ ಮೇಲೆ.

ಆಗ ಒಬ್ದೂಲಿಯಾಳಿಗೆ ಕನ್ನಡಿ ಕಾಣುತ್ತದೆ. ಮಂಚದ ಎದುರು ಇಡೀ ಗೋಡೆಯಗಲದ ಅಲ್ಮೇರಾ, ಎರಡೂ ಬಾಗಿಲು ಪೂರ್ತಿ ಕನ್ನಡಿ, ಧರ್ಮತಂದೆಯೊಬ್ಬರ ಕೊಡುಗೆ. ಒಳಬಂದಾಗ ಅದನ್ನು ಮನಸ್ಸಿನಲ್ಲೇ ಬೈದಿದ್ದಳು. ಈಗ ನೋಡಿದರೆ ಅದರಲ್ಲಿ ಕೋಣೆ ಎರಡರಷ್ಟು ದೂರಕ್ಕೆ ಸರಿದು, ಹನ್ನೊಂದು ತಲೆಗಳೂ ಒಟ್ಟಿಗೆ ಕೂತಿವೆ. ಪಟ್ಟಿ ಕಟ್ಟಿದ ಮೊಣಕಾಲನ್ನೇ ಊರಿ ಮಂಚದ ಮೂಲೆಯಲ್ಲಿ ಕುಸಿದು ಕೂರುತ್ತಾಳೆ. ಅಳುತ್ತಿರುವ ಹುಡುಗಿಗೆ, ಹಾಡುತ್ತಿರುವ ಇಡೀ ಮನೆಗೆ ಬೆನ್ನು ತಿರುಗಿಸುತ್ತಾಳೆ.

"ಏನೇ ಇದು, ನಮಗೆ ಬೆನ್ನು ತೋರಿಸ್ತೀಯಾ?" ಮೆಲಿತೋನಾ ಹಾಡಿನ ಮಧ್ಯೆಯೇ ಕೂಗುತ್ತಾಳೆ.

"ಕನ್ನಡೀಲಿ ನೋಡ್ರೇ, ಎಲ್ಲಾ ಕನ್ನಡೀಲಿ ನೋಡಿ! ಅಜ್ಜಿ, ನೀವೂನೂ!"

ಎಲ್ಲರೂ ತಿರುಗುತ್ತಾರೆ. ತಮ್ಮನ್ನು ತಾವೇ ಕಂಡು ನಗುತ್ತಾರೆ. ಹಾಡು ಮುಗಿಯಲು ಒಂದೇ ಸಾಲು ಇದ್ದಾಗ ಒಬ್ದೂಲಿಯಾ ಏಳು ಸಲ ಗುಂಡಿ ಒತ್ತುತ್ತಾಳೆ. ಯಾರೋ ದೀಪ ಹಾಕುತ್ತಾರೆ.

ಅಡುಗೆಮನೆಯಲ್ಲಿ ಬಿಸಿ ತಮಾಲೆಯ, ಅಂದರೆ ಜೋಳದ ಕಡುಬಿನ, ಸಿಪ್ಪೆ ಬಿಚ್ಚುವುದನ್ನು ಬಿಟ್ಟು ಮೆಲಿತೋನಾ ಕ್ಯಾಮೆರಾ ಕಸಿದುಕೊಳ್ಳುತ್ತಾಳೆ. ಪರದೆಯ ಮೇಲೆ ಬೆರಳಿಟ್ಟು ತಲೆ ಎಣಿಸುತ್ತಾಳೆ. ಒಬ್ದೂಲಿಯಾಳ ಕೈಯಲ್ಲಿದ್ದ ಜೋಳದ ಗಂಜಿಯ ಲೋಟ ಬಾಯಿಗೆ ಹೋಗದೆ ಅಲ್ಲೇ ನಿಲ್ಲುತ್ತದೆ.

"ಹತ್ತು, ಹನ್ನೊಂದು. ನಾನು ಪೂರ್ತಿ ಇದೀನಿ. ಈ ಹನ್ನೆರಡನೆಯದು ಯಾರು, ಕೆಳಗೆ ಮೂಲೇಲಿ ಕ್ಯಾಮೆರಾ ಹಿಡ್ಕೊಂಡು ಕಪ್ಪೆ ಥರ ಕೂತಿರೋದು?"

"ಅದನ್ನ ಕತ್ತರಿಸಿ ತೆಗೀತೀನಿ ಬಿಡು."

"ತೆಗೆದು ನೋಡು, ಇನ್ನೊಂದ್ಸಲ ಬೀದೀಲೆಲ್ಲ ಹೇಳ್ಕೊಂಡ್ ಬರ್ತೀನಿ. ಇರ್ಲಿ ಬಿಡೆ. ಹತ್ತೊಂಬತ್ತು ವರ್ಷದಲ್ಲಿ ಒಂದಾದ್ರೂ ಇರ್ಲಿ."

ಒಬ್ದೂಲಿಯಾ ಫೋನು ತೆಗೆದು ನೋಡುತ್ತಾಳೆ. ಅಂಗಡಿಯವನ ಸಂದೇಶ ನಿನ್ನೆ ರಾತ್ರಿಯೇ ಬಂದಿದೆ, ಅವಳು ಬೇಕೆಂದೇ ತೆರೆದಿರಲಿಲ್ಲ: ಆಗಸ್ಟ್‌ಗೆ ಖಂಡಿತ.

"ಮುಂದಿನ ಶನಿವಾರ ಬೇಕರಿ ಹಿಂದಿನ ಮನೆ," ಎನ್ನುತ್ತಾಳೆ. "ಅವರ ಮನೇಲಿ ಎಷ್ಟು ದೊಡ್ಡ ಕನ್ನಡಿ ಇದೆ, ಯಾರಿಗಾದ್ರೂ ಗೊತ್ತಾ?"

"ಅಲ್ಲಿರೋದು ಗಂಡಸರು ಗಡ್ಡ ಹೆರೆಯೋ ಅಂಗೈಯಗಲದ್ದು," ಎಂದು ನೊಹೆಮಿ ನಗುತ್ತಾಳೆ.

ಒಬ್ದೂಲಿಯಾ ನಗುವುದಿಲ್ಲ. ಕಿರಿದಾದ ಲೆನ್ಸಿಗೆ ಮುಚ್ಚಳ ಹಾಕಿ, ಸ್ವೆಟರಿನ ತುದಿಯಿಂದ ಮುಖ ಒರೆಸಿಕೊಂಡು ಏಳುತ್ತಾಳೆ. "ಆ ಲೆನ್ಸ್ ಒಂದು ಬಂದ್ಬಿಡ್ಲಿ ಸಾಕು," ಎನ್ನುತ್ತಾಳೆ. "ನಾನು ಮತ್ತೆ ಫೋಟೋದಿಂದ ಆಚೆ ಹೋಗ್ಬಿಡ್ತೀನಿ."